ಕುರುಗೋಡು ದಾರಿಯ ರಸ್ತೆ ಉಬ್ಬಿಗೆ, ಬಿದ್ದವಳ ತಂಗಿಯಿಂದ

ಮಾನ್ಯ ರಸ್ತೆ ಉಬ್ಬಿನವರೇ,

ತಮಗೂ, ತಮ್ಮ ಬೆನ್ನೇರಿ ಇಳಿಯುವ ಸಕಲ ವಾಹನಗಳಿಗೂ ನನ್ನ ಗೌರವಪೂರ್ವಕ ವಂದನೆಗಳು. ತಾವು ಆರೋಗ್ಯವಾಗಿರುವುದನ್ನು ಇಂದು ಬೆಳಿಗ್ಗೆ ಕಣ್ಣಾರೆ ಕಂಡೆ. ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ಬಸ್ಸು ತಮ್ಮೆದುರು ಬಂದು, ಒಮ್ಮೆ ಮುಗ್ಗರಿಸಿ ನಿಂತಾಗ, ಕಿಟಕಿಯ ಪಕ್ಕದಲ್ಲಿದ್ದ ನನಗೆ ತಮ್ಮ ಬೆನ್ನಿನ ಡಾಂಬರಿನಲ್ಲಿ ಗಾಜಿನ ಬಳೆಯ ಚೂರುಗಳು ಕಾಣಿಸಿದವು. ನಮ್ಮ ಬಿಸಿಲಿಗೆ ಮೆತ್ತಗಾದ ಡಾಂಬರು ಅವನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಹಸಿರು ಇದ್ದವು, ಕೆಂಪು ಇದ್ದವು, ಚುಕ್ಕಿ ಚುಕ್ಕಿಯ ನೀಲಿಯೂ ಒಂದೆರಡು ಇದ್ದವು. ನಮ್ಮ ಅಕ್ಕ ಅಂದು ಹಾಕಿದ್ದು ಹಸಿರು. ಉಳಿದ ಬಣ್ಣಗಳು ಯಾರ ಕೈಯವೋ ನನಗೆ ಗೊತ್ತಿಲ್ಲ, ತಮಗೆ ಗೊತ್ತಿರಬೇಕು. ಗಡಿಯಾರ, ಚಷ್ಮಾ, ಮೀಸೆ ಬಾಚುವ ಹಣಿಗೆ ಇತ್ಯಾದಿ ಗಂಡಸರ ವಸ್ತುಗಳು ಮಾತ್ರ ಒಂದೂ ಕಾಣಲಿಲ್ಲ.

ನನ್ನ ಪರಿಚಯ ಹೇಳಬೇಕು. ಹೆಸರು ಅಕ್ಷತಾ, ಬಳ್ಳಾರಿಯವಳು, ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ. ಎದುರು ನಿಂತು ಮಾತಾಡುವುದು ನನಗೆ ಅಷ್ಟಾಗಿ ಬಾರದು. ಅಂಗಡಿಯವರು ಅಳತೆ ತಪ್ಪಿದ ಚಪ್ಪಲಿ ಕೊಟ್ಟರೆ ಅದನ್ನೇ ಹಾಕಿಕೊಂಡು ಮನೆಗೆ ಬರುವವಳು. ಆದ್ದರಿಂದ ಈ ಪತ್ರ. ತಾವಿರುವ ಹಳ್ಳಿಯ ಹೆಸರನ್ನು ವಿಳಾಸದಲ್ಲಿ ಬರೆದಿಲ್ಲ, ಏಕೆಂದರೆ ಅಲ್ಲಿ ನಮ್ಮ ಬಳಗದ ನಾಲ್ಕು ಮನೆಗಳಿವೆ, ಮತ್ತು ತಮ್ಮನ್ನು ಕೈಯಾರೆ ಕಟ್ಟಿದವರಲ್ಲಿ ಅವರೂ ಇದ್ದಾರೆ. ಕುರುಗೋಡು ದಾರಿ, ಪಾಲಯ್ಯನ ಚಹಾದ ಹೋಟೆಲ್ ಎದುರು ಎಂದರೆ ಅಂಚೆಯವರಿಗೆ ಸಾಕು.

ತಮ್ಮ ಜನ್ಮವೃತ್ತಾಂತವನ್ನು ಕೇಳಿ ತಿಳಿದುಕೊಂಡಿದ್ದೇನೆ. ಭತ್ತದ ಲಾರಿಗಳು ಊರೊಳಗೆ ಹುಚ್ಚೆದ್ದು ಓಡುತ್ತವೆ ಎಂದು ಹಿರಿಯರು ಇಲಾಖೆಗೆ ಅರ್ಜಿ ಕೊಟ್ಟು, ಆ ಅರ್ಜಿಗೂ ವಯಸ್ಸಾದ ಮೇಲೆ, ಚರಂಡಿ ಕೆಲಸದಲ್ಲಿ ಉಳಿದ ಕಾಂಕ್ರೀಟನ್ನು ಒಂದು ಭಾನುವಾರ ರಸ್ತೆಗೆ ಅಡ್ಡ ಸುರಿದು, ಮೇಲೆ ಡಾಂಬರು ಬಳಿದು ತಮ್ಮನ್ನು ಎಬ್ಬಿಸಿದರು. ಅಳತೆಪಟ್ಟಿ ಹಿಡಿಯುವ ಅವಮಾನವನ್ನು ಯಾರೂ ತಮಗೆ ಮಾಡಲಿಲ್ಲ. ಬಿಳಿ ಬಣ್ಣ ಹಚ್ಚಿ ತಮ್ಮ ಇರವನ್ನು ಊರಿಗೆಲ್ಲ ಸಾರುವ ಅಗ್ಗದ ಪ್ರಚಾರಕ್ಕೂ ಇಳಿಯಲಿಲ್ಲ. ಒಮ್ಮೆ ದೊಡ್ಡವರೊಬ್ಬರ ಕಾರು ಈ ದಾರಿಯಲ್ಲಿ ಬರುತ್ತದೆ ಎಂದಾಗ ಒಂದೇ ದಿನದಲ್ಲಿ ತಮ್ಮನ್ನು ನುಣ್ಣಗೆ ಕೆತ್ತಿ ನೆಲಸಮ ಮಾಡಿದರು. ಕಾರು ಹೋದ ಮರುವಾರ, ಮೊದಲಿಗಿಂತ ನಾಲ್ಕು ಬೆರಳು ಎತ್ತರವಾಗಿ ತಾವು ಮತ್ತೆ ಎದ್ದಿರಿ. ಇಷ್ಟು ಬೇಗ ಮುಗಿದ ಸಾರ್ವಜನಿಕ ಕಾಮಗಾರಿಯನ್ನು ನಾನು ನಮ್ಮ ಕಡೆ ಬೇರೆಲ್ಲೂ ನೋಡಿಲ್ಲ. ಅಂದಹಾಗೆ, ಭತ್ತದ ಲಾರಿಗಳು ಈಗಲೂ ಹಾಗೆಯೇ ಓಡುತ್ತವೆ. ಅವುಗಳ ಗಾಲಿ ದೊಡ್ಡದು, ತಾವು ಅವುಗಳ ಲೆಕ್ಕಕ್ಕೆ ಬಂದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ದಾಕ್ಷಾಯಣಿಯನ್ನು ತಾವು ಬಲ್ಲಿರಿ. ಕುರುಗೋಡಿಗೆ ಕೊಟ್ಟ ಹೆಣ್ಣು, ಇಬ್ಬರು ಹೆಣ್ಣುಮಕ್ಕಳ ತಾಯಿ. ದೊಡ್ಡವಳು ಒಂದನೇ ತರಗತಿ, ಚಿಕ್ಕವಳಿಗೆ ಆಗ ಒಂಬತ್ತು ತಿಂಗಳು. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಾಳೆ. ಕೂಸಿಗೆ ಸೂಜಿ ಹಾಕಿಸಿ, ಹಾಗೆಯೇ ತವರಿಗೂ ಬಂದುಹೋಗಲು ಅವಳು ಬಳ್ಳಾರಿಗೆ ಹೊರಟ ದಿನ, ಅವಳ ಗಂಡ ಚನ್ನಬಸವರಾಜನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಹಗಲು ಶಿಫ್ಟ್ ಇತ್ತು. ಆದ್ದರಿಂದ ಅವಳನ್ನು ಬೈಕಿನಲ್ಲಿ ಕರೆತರುವ ಹೊಣೆ ಗಂಡನ ಅಣ್ಣ ದೊಡ್ಡಬಸವರಾಜನವರ ಮೇಲೆ ಬಿತ್ತು.

ತಾವು ಕಲ್ಲು ಮಣ್ಣಿನ ವಂಶದವರಾದ್ದರಿಂದ ನಮ್ಮ ಮನೆತನಗಳ ರೀತಿ ತಮಗೆ ತಿಳಿಯದಿರಬಹುದು. ತಮ್ಮನ ಹೆಂಡತಿ ಭಾವನ ಎದುರು ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ. ಭಾವನ ಜೊತೆ ಮಾತು ಬೆಳೆಸುವುದಿಲ್ಲ. ಭಾವನ ಮೈ ಮುಟ್ಟುವುದಂತೂ ದೂರವೇ ಉಳಿಯಿತು. ಬೈಕು ಎಂಬ ವಾಹನವನ್ನು ಕಂಡುಹಿಡಿದವನಿಗೆ ಇದು ಗೊತ್ತಿರಲಿಲ್ಲವಾದ್ದರಿಂದ ನಮ್ಮವರು ತಮ್ಮದೇ ಒಂದು ತಿದ್ದುಪಡಿ ಮಾಡಿಕೊಂಡಿದ್ದಾರೆ. ಭಾವ ಮತ್ತು ತಮ್ಮನ ಹೆಂಡತಿಯ ನಡುವೆ ಒಂದು ಚೀಲ ಇಡುತ್ತಾರೆ. ಅಂದಿನ ಚೀಲದಲ್ಲಿ ನಮ್ಮಮ್ಮನಿಗೆಂದು ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದವು. ಚೀಲದ ಹಿಂದೆ, ಸೀಟಿನ ಉಳಿದ ಗೇಣುದ್ದ ಜಾಗದಲ್ಲಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟುಕೊಂಡು ಅಕ್ಕ ಕುಳಿತಿದ್ದಳು. ಬಲಗೈಯಲ್ಲಿ ಕೂಸು. ಎಡಗೈಯಲ್ಲಿ, ಗಾಳಿಗೆ ಹಾರದಂತೆ ತಲೆಯ ಮೇಲಿನ ಸೆರಗು. ಗಾಡಿ ಹಿಡಿದುಕೊಳ್ಳಲು ಬೇಕಾದ ಮೂರನೆಯ ಕೈಯನ್ನು ದೇವರು ಅವಳಿಗೆ ಕೊಡುವುದನ್ನು ಮರೆತಿದ್ದ.

ದೊಡ್ಡಬಸವರಾಜನವರು ಒಳ್ಳೆಯ ಮನುಷ್ಯರು, ಇದನ್ನು ಒತ್ತಿ ಹೇಳುತ್ತೇನೆ. ತಮ್ಮನ ಹೆಂಡತಿಗೆ ಬೇಸರವಾಗದಿರಲೆಂದು ದಾರಿಯುದ್ದಕ್ಕೂ, ಹಿಂದೆ ತಿರುಗಿ ನೋಡುವ ಅನಾಚಾರಕ್ಕೆ ಇಳಿಯದೆ, ಸಿರಿಗೇರಿಯಲ್ಲಿ ಉಂಡುಬಂದ ಮದುವೆಯ ಊಟದ ವರ್ಣನೆ ಮಾಡುತ್ತಿದ್ದರು. ಸಾರು ನೀರಾಗಿತ್ತು, ಬದನೆಕಾಯಿ ಪಲ್ಯ ಚೆನ್ನಾಗಿತ್ತು, ಹೋಳಿಗೆ ಎರಡನೇ ಪಂಕ್ತಿಗೆ ಮುಟ್ಟಲಿಲ್ಲ. ಅವರು ಹೋಳಿಗೆಯಲ್ಲಿದ್ದಾಗ ತಾವು ಬಂದಿರಿ. ಹ್ಯಾಂಡಲ್ ಹಿಡಿದಿದ್ದ ದೊಡ್ಡಬಸವರಾಜನವರು ಗಾಡಿಯ ಮೇಲೆ ಉಳಿದರು. ಅವರಿಗೂ ಅಕ್ಕನಿಗೂ ನಡುವೆ ಒತ್ತರಿಸಿ ಇಟ್ಟಿದ್ದ ಚೀಲವೂ ಉಳಿಯಿತು. ಅಕ್ಕ ಮಾತ್ರ ಉಳಿಯಲಿಲ್ಲ. ಗಾಳಿಯಲ್ಲಿದ್ದ ಆ ಒಂದು ಕ್ಷಣದಲ್ಲಿ ಅವಳು ಸೆರಗನ್ನು ಬಿಟ್ಟು, ಕೂಸನ್ನು ಎದೆಯ ಮೇಲಕ್ಕೆ ತಿರುಗಿಸಿಕೊಂಡು, ಎಡಗೈಯೂರಿ ತಮ್ಮ ಪಾದದ ಬಳಿ ಬಿದ್ದಳು.

ದೊಡ್ಡಬಸವರಾಜನವರು ಮುಂದೆ ಹೋದರು. ಹೋಳಿಗೆ ಮುಗಿಸಿ ಮಜ್ಜಿಗೆಗೆ ಬಂದರು. ಹಿಂದಿನಿಂದ ಉತ್ತರ ಬರಲಿಲ್ಲವೆಂದು ಅವರಿಗೆ ಅನುಮಾನ ಬರುವ ಹಾಗೂ ಇರಲಿಲ್ಲ. ಅಕ್ಕನ ಮದುವೆಯಾಗಿ ಎಂಟು ವರ್ಷದಲ್ಲಿ ಹಿಂದಿನಿಂದ ಉತ್ತರ ಬಂದೇ ಇರಲಿಲ್ಲ. ಕಾಲುವೆಯ ಸೇತುವೆ ಹತ್ತಿರ ಬಂದಾಗ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಯಣ್ಣಾ, ನಿನ್ನ ಗಾಡಿಂದ ಏನೋ ಬಿದ್ದೈತಂತ ನೋಡು" ಎಂದ. ಅವರು ಎಡಗೈ ಹಿಂದೆ ಚಾಚಿ ತಡವಿ, "ಇಲ್ಲಪ್ಪ, ಚೀಲ ಇಲ್ಲೇ ಐತಲ್ಲ" ಎಂದರು. "ಚೀಲ ಅಲ್ಲಣ್ಣ, ಹೆಣ್ಮಗಳು" ಎಂದ ಅವನು.

ಇದನ್ನೆಲ್ಲ ನನಗೆ ಹೇಳಿದವರು ಸ್ವತಃ ದೊಡ್ಡಬಸವರಾಜನವರೇ, ಆಸ್ಪತ್ರೆಯ ವರಾಂಡದಲ್ಲಿ ತಲೆ ತಗ್ಗಿಸಿ ಕುಳಿತು. ಅವರು ಹಿಂದಿರುಗುವ ಹೊತ್ತಿಗೆ ಪಾಲಯ್ಯ ಅಕ್ಕನನ್ನು ಹೋಟೆಲಿನ ಬೆಂಚಿಗೆ ತಂದು ಮಲಗಿಸಿ, ನೀರು ಕುಡಿಸಿ, ಕೂಸನ್ನು ಎತ್ತಿಕೊಂಡು ನಿಂತಿದ್ದನಂತೆ. "ಯಣ್ಣಾ, ಈ ಹಂಪ್ಸಿನ ಮ್ಯಾಲ ಗಂಡಸ್ರು ಒಬ್ರೂ ಬಿದ್ದಿಲ್ಲ ನೋಡು" ಎಂದನಂತೆ, "ಅವ್ರಿಗೆ ಹಿಡ್ಕಳ್ಳಾಕ ಹ್ಯಾಂಡಲ್ ಐತಿ. ಬೀಳೋದೆಲ್ಲ ಕೂಸು ಹಿಡ್ಕಂಡ ತಾಯಂದ್ರೇ." ತಮ್ಮ ಕುರಿತು ಇಷ್ಟು ಅಧ್ಯಯನ ಮಾಡಿದ ಮನುಷ್ಯ ಇನ್ನೊಬ್ಬನಿರಲಾರ. ತಮ್ಮ ಮುಂದೆ ನಿಧಾನಿಸಿದ ಗಾಡಿಗಳಿಂದಲೇ ಅವನ ಚಹಾ ಖರ್ಚಾಗುವುದರಿಂದ, ಅವನಿಂದ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ನಾವು ನಿರೀಕ್ಷಿಸುವಂತಿಲ್ಲ.

ಅಕ್ಕನ ಎಡ ಮುಂಗೈಯ ಎರಡೂ ಎಲುಬು ಮುರಿದಿದ್ದವು. ಬೆನ್ನುಮೂಳೆಯ ತುದಿಗೂ ಪೆಟ್ಟಾಗಿತ್ತು, ಆದರೆ ಅದು ಇರುವ ಜಾಗ ಮರ್ಯಾದಸ್ಥರು ಹೆಸರೆತ್ತುವಂಥದ್ದಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕುಳಿತು ಹಾಲು ಕುಡಿಸಲಾರದೆ ಬಲಮಗ್ಗುಲಿಗೆ ಹೊರಳಿ ಮಲಗಿ ಕುಡಿಸುತ್ತಿದ್ದಳು. ಆಸ್ಪತ್ರೆಯ ಚೀಟಿಯಲ್ಲಿ ಕಾರಣ ಎಂಬಲ್ಲಿ ಆಕಸ್ಮಿಕವಾಗಿ ಬಿದ್ದದ್ದು ಎಂದು ಬರೆದರು. ನಾನು ಬಹಳ ಹೊತ್ತು ಆ ಚೀಟಿಯನ್ನೇ ನೋಡುತ್ತಿದ್ದೆ. ಒಂದು ಕೈ ಕೂಸಿಗೆ, ಒಂದು ಕೈ ಸೆರಗಿಗೆ, ಮುಟ್ಟಬಾರದ ಹೆಗಲು, ನಡುವೆ ಚೀಲ, ಮುಂದೆ ಬಣ್ಣವಿಲ್ಲದ ತಾವು. ಇಷ್ಟೊಂದು ಜನ ಇಷ್ಟೊಂದು ವರ್ಷ ಸೇರಿ ತಯಾರಿ ಮಾಡಿದ ಕೆಲಸವನ್ನು ಆಕಸ್ಮಿಕ ಎಂದರೆ ಎಲ್ಲರ ಶ್ರಮಕ್ಕೂ ಅನ್ಯಾಯವಾಗುತ್ತದೆ.

ತಮ್ಮ ದಾಯಾದಿಗಳ ಕ್ಷೇಮ ಸಮಾಚಾರವೂ ಆ ವಾರ್ಡಿನಲ್ಲಿ ನನಗೆ ತಿಳಿಯಿತು. ಪಕ್ಕದ ಮಂಚದಲ್ಲಿ ಸಿರುಗುಪ್ಪದ ಅರುಣಾ ಎಂಬ ಹೆಣ್ಣುಮಗಳಿದ್ದಳು, ಅಕ್ಕನ ವಯಸ್ಸಿನವಳೇ. ಸೊಂಟದಲ್ಲಿ ಎರಡು ವರ್ಷದ ಮಗ, ತಲೆಯ ಮೇಲೆ ಹಸಿ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಮಾಳಿಗೆ ಮೆಟ್ಟಿಲು ಹತ್ತುವಾಗ ಜಾರಿ, ಪಾದದ ಕೀಲು ಮುರಿದುಕೊಂಡಿದ್ದಳು. "ನಮ್ಮನ್ಯಾಗ ಮೆಟ್ಲಿಗೆ ಗ್ರಾನೈಟ್ ಹಾಕ್ಸ್ಯಾರಕ್ಕ, ಮಕ ಕಾಣ್ತೈತಿ ಅದ್ರಾಗ" ಎಂದು ಅವಳು ನಗುತ್ತ ಹೇಳಿದಳು. "ಹಿಡ್ಕಳ್ಳಾಕ ಕಂಬಿ ಹಾಕ್ಸ್ರಿ ಅಂದ್ರ, ಗ್ರಾನೈಟಿನ ಲುಕ್ ಹೋಗ್ತೈತಿ ಅಂದ್ರು. ಈಗ ನೋಡು, ನನ್ನ ಲುಕ್ ಹೋತು." ಅವಳ ಅತ್ತೆ ಬಂದವರಿಗೆಲ್ಲ, ಸೊಸೆಗೆ ಲಕ್ಷ್ಯ ಇರಲಿಲ್ಲ ಎಂದು ವಿವರಿಸುತ್ತಿದ್ದರು. ಅರುಣಾಳೂ ಹೌದು, ಲಕ್ಷ್ಯ ಇರಲಿಲ್ಲ ಎನ್ನುತ್ತಿದ್ದಳು. ಬಿದ್ದ ಹೆಂಗಸರು ಬಹಳ ಬೇಗ ಒಪ್ಪಿಕೊಳ್ಳುತ್ತಾರೆ, ತಾವು ಗಮನಿಸಿರಬಹುದು.

ನಮ್ಮ ಅಕ್ಕನನ್ನು ನೋಡಲು ಬಂದವರೂ ಕ್ರಮ ತಪ್ಪಲಿಲ್ಲ. ಕುರುಗೋಡಿನ ಪಕ್ಕದ ಮನೆಯ ಗಂಗಕ್ಕ ಬ್ರೆಡ್ಡಿನ ಪೊಟ್ಟಣ ಮಂಚದ ಮೇಲಿಟ್ಟು, "ಕೂಸಿಗೇನೂ ಆಗಿಲ್ಲಲ್ಲ? ಪುಣ್ಯೇವು ಮಾಡೀದಿ" ಎಂದರು. ಆಮೇಲೆ, "ಗಾಡಿಗೇನರ ಆತೇನು?" ಎಂದರು. ಆಮೇಲೆ ದನಿ ತಗ್ಗಿಸಿ, "ಕಣ್ಣು ಹತ್ತಿ ತೂಕಡಿಸಿದ್ದೇನು?" ಎಂದರು. ಇದೇ ಮೂರು ಪ್ರಶ್ನೆಗಳನ್ನು ಇದೇ ಸಾಲಿನಲ್ಲಿ ಕೇಳಿ ಹನ್ನೊಂದು ಮಂದಿ ಬಂದುಹೋದರು. ನಾಲ್ಕನೆಯ ಪ್ರಶ್ನೆ ಒಂದಿರಬಹುದೆಂದು ನಾನು ಬಾಗಿಲ ಬಳಿ ಕುಳಿತು ಕಾದೆ. ಹನ್ನೆರಡನೆಯದಾಗಿ ಬಂದ ಅಕ್ಕನ ಅತ್ತೆ ಶಿವಬಸಮ್ಮನವರು ಏನನ್ನೂ ಕೇಳಲಿಲ್ಲ. ಸೊಸೆಯ ಜಡೆ ಬಿಚ್ಚಿ ಹಣಿಗೆ ಆಡಿಸುತ್ತ, ಯಾರಿಗೂ ಅಲ್ಲವೆಂಬಂತೆ, "ದೊಡ್ಡಬಸ್ಯ ಹೊಟ್ಯಾಗಿದ್ದಾಗ ನಾ ಗದ್ದಿ ಬದುವಿನ ಮ್ಯಾಗಿಂದ ಬಿದ್ದಿದ್ದೆ, ಬುತ್ತಿ ಹೊತ್ಕಂಡು. ಯಾರಿಗೂ ಹೇಳ್ಲಿಲ್ಲ. ಬುತ್ತಿ ಚೆಲ್ಲಿತ್ತಲ್ಲ, ಬೈತಾರಂತ" ಎಂದರು. ಮಳೆಗಾಲದಲ್ಲಿ ಅವರು ಸೊಂಟ ಹಿಡಿದುಕೊಂಡು ನಡೆಯುವುದನ್ನು ಅಕ್ಕ ಎಂಟು ವರ್ಷದಿಂದ ನೋಡಿದ್ದಳು. ವಯಸ್ಸಿನ ನೋವೆಂದು ತಿಳಿದಿದ್ದಳು.

ತಮಗೂ ಸಲ್ಲಬೇಕಾದ ಗೌರವ ಸಂದಿದೆ. ಕೂಸು ಉಳಿದದ್ದು ತಮ್ಮ ಕೃಪೆಯೆಂದು ತೀರ್ಮಾನವಾಗಿ, ಮುಂದಿನ ಸೋಮವಾರವೇ ತಮಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆಯಲಾಯಿತು. ಒಡೆದವರು ದೊಡ್ಡಬಸವರಾಜನವರು. ಬಿದ್ದು ಕೂಸನ್ನು ಉಳಿಸಿದ ಕೈಗೆ ಆಗ ಆಸ್ಪತ್ರೆಯಲ್ಲಿ ಲೋಹದ ಪಟ್ಟಿ ಕೂರಿಸುತ್ತಿದ್ದರು, ಹೀಗಾಗಿ ಆ ಕೈಗೆ ಕಾಯಿ ಒಡೆಯುವುದು ಯಾರಿಗೂ ಹೊಳೆಯಲಿಲ್ಲ.

ಈಗ ಪ್ಲಾಸ್ಟರ್ ಬಿಚ್ಚಿದೆ. ಎಲುಬು ಕೂಡಿದೆ, ಆದರೆ ಎಡಗೈಯ ಬೆರಳುಗಳು ಮಡಚುವುದಿಲ್ಲ. ವಾರಕ್ಕೆ ಮೂರು ದಿನ ಬಳ್ಳಾರಿಗೆ ಬಂದು ಬೆರಳಿನ ವ್ಯಾಯಾಮ ಮಾಡಿಸಬೇಕು, ಆರು ವಾರ ತಪ್ಪಿಸಬಾರದು, ತಪ್ಪಿಸಿದರೆ ಬೆರಳು ಹೀಗೇ ಮರಗಟ್ಟಿ ನಿಲ್ಲುತ್ತವೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಹೊಲಿಯುವವರಿಗೆ ಬಟ್ಟೆಯನ್ನು ಸೂಜಿಯ ಕೆಳಗೆ ದೂಡಿಕೊಡುವುದು ಎಡಗೈ. ಅದು ಹೋದರೆ ಮಷೀನು ಹೋದಂತೆ, ಮತ್ತು ಮಷೀನು ಅಕ್ಕನ ಪಾಲಿಗೆ ಏನೆಂದು ನಾನು ಬಲ್ಲೆ. ಆ ಮನೆಯಲ್ಲಿ ಅವಳು ಕಾಲು ನೀಡಿ ಕೂರುವ, ಯಾರೂ ಎಬ್ಬಿಸದ ಜಾಗ ಅದೊಂದೇ. ಮನೆಯವರು ತಕ್ಷಣ ಒಪ್ಪಿದರು. ದೊಡ್ಡಬಸವರಾಜನವರು ತಾವೇ ಕರೆದೊಯ್ಯುವುದಾಗಿ ಹೇಳಿದರು. ಅದೇ ಬೈಕು, ಅದೇ ದಾರಿ. ಚೀಲ ಈ ಸಲ ಸ್ವಲ್ಪ ಸಣ್ಣದು.

ಬಸ್ಸಿಲ್ಲವೇ ಎಂದು ತಾವು ಕೇಳಬಹುದು. ಇದೆ, ಹೆಂಗಸರಿಗೆ ಟಿಕೆಟ್ಟೂ ಬೇಕಿಲ್ಲ, ಆದರೆ ಮೇಲಿನ ಕಂಬಿ ಹಿಡಿದು ನಿಲ್ಲಲು ಕೈ ಬೇಕು. ಇರುವ ಒಂದು ಕೈಯಲ್ಲಿ ಅವಳಿಗೆ ಕೂಸು ಇರುತ್ತದೆ. ತವರಿನಲ್ಲೇ ಉಳಿಯಬಾರದೇ ಎಂದರೆ, ದೊಡ್ಡ ಮಗಳ ಶಾಲೆ ಕುರುಗೋಡಿನಲ್ಲಿದೆ, ಮತ್ತು ಬಾಣಂತನ ಮುಗಿಸಿಕೊಂಡು ಮೊನ್ನೆ ಮೊನ್ನೆ ಗಂಡನ ಮನೆಗೆ ಹೋದವಳು ಮತ್ತೆ ಬಂದು ಕುಳಿತರೆ ಓಣಿಯವರು ಮೂರು ಪ್ರಶ್ನೆಗಳಲ್ಲಿ ಬಿಡುವುದಿಲ್ಲ.

ಹೀಗಾಗಿ ಅಕ್ಕ ಅದೇ ಬೈಕಿನಲ್ಲಿ ಒಂದೇ ದಿನ ಹೋಗಿಬಂದಳು. ಆಮೇಲೆ ಮೂರು ಸರದಿ ತಪ್ಪಿಸಿದ್ದಾಳೆ. ಇಂದು ಬೆಳಿಗ್ಗೆ ನಾನು ಕುರುಗೋಡಿಗೆ ಹೋದದ್ದು ಅದಕ್ಕೇ. ಎಲ್ಲರ ಮುಂದೆ ಅವಳು, "ಆರಾಮ ಅದೀನಿ, ಬೆರಳು ತಾನೇ ಸಡ್ಲ ಆಗ್ತಾವ" ಎಂದಳು. ಅಡುಗೆಮನೆಯಲ್ಲಿ ನನ್ನೊಬ್ಬಳಿಗೆ, "ಆ ಉಬ್ಬು ಬಂತಂದ್ರ ನನ್ನ ಎದಿ ನಿಂತಂಗ ಆಗ್ತೈತಿ ಅಕ್ಷಿ. ಕೈ ಹೋದ್ರ ಹೋಗ್ಲಿ, ನಾ ಆ ಗಾಡಿ ಮ್ಯಾಗ ಕುಂದ್ರಂಗಿಲ್ಲ" ಎಂದಳು. ಹೇಳುವಾಗ ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಲು ನೋಡುತ್ತಿದ್ದಳು. ಬಿಟ್ಟ ಕೂಡಲೇ ಅವು ನೆಟ್ಟಗಾಗುತ್ತಿದ್ದವು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿವೆ. ದೊಡ್ಡವರ ಕಾರಿಗೆ ತಾವು ತೋರಿಸಿದ ವಿನಯವನ್ನು, ಕೂಸು ಎತ್ತಿಕೊಂಡ ಹೆಂಗಸು ಬರುವಾಗಲೂ ತೋರಿಸಿ ಆ ಹೊತ್ತಿನ ಮಟ್ಟಿಗೆ ಮಲಗಿಕೊಳ್ಳಬೇಕು. ಅದು ಘನತೆಗೆ ಕುಂದೆನಿಸಿದರೆ, ತಾವು ಎದುರಾಗುವ ಒಂದು ಫರ್ಲಾಂಗು ಮೊದಲೇ ಎದ್ದು ಬಂದು, ತಮ್ಮ ಪರಿಚಯ ಹೇಳಿಕೊಂಡು, ಎತ್ತರ ಎಷ್ಟೆಂದು ತಿಳಿಸಿ ಹೋಗಬೇಕು. ಕೆಡವಲೇಬೇಕೆಂಬ ನಿಯಮವಿದ್ದರೆ ಮೊದಲು ಚೀಲವನ್ನು ಕೆಡವಬೇಕು. ಚೀಲ ಬಿದ್ದರೆ ನಮ್ಮಲ್ಲಿ ಗಾಡಿ ನಿಲ್ಲಿಸುತ್ತಾರೆ. ಒಂದು ದಿನದ ಮಟ್ಟಿಗೆ ರಜೆ ಹಾಕಿ ಕುರುಗೋಡಿಗೆ ಬಂದು, ಪಡಸಾಲೆಯಲ್ಲಿ ಹಿರಿಯರೆದುರು ಕುಳಿತು, ದಾಕ್ಷಾಯಣಿ ತೂಕಡಿಸುತ್ತಿರಲಿಲ್ಲ, ಅವಳಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ, ನಾನು ನೋಡಿದ್ದೇನೆ ಎಂದು ಸಾಕ್ಷಿ ಹೇಳಬೇಕು. ನಾನು ಹೇಳಿದರೆ ನಂಬುವುದಿಲ್ಲವೆಂದಲ್ಲ, ನನ್ನನ್ನು ಯಾರೂ ಕೇಳುವುದಿಲ್ಲ. ಕಾಯಿ ಒಡೆಸಿಕೊಂಡ ತಮ್ಮ ಮಾತಿಗೆ ಬೆಲೆ ಇದೆ.

ಇವು ಯಾವುವೂ ಸಾಧ್ಯವಾಗದಿದ್ದರೆ ಒಂದು ಪಟ್ಟೆ ಸುಣ್ಣವನ್ನಾದರೂ ಮೈಗೆ ಬಳಿದುಕೊಳ್ಳಬೇಕೆಂದು ಬೇಡಿಕೊಳ್ಳುತ್ತ, ತಮ್ಮ ಎತ್ತರ ಇನ್ನು ಹೆಚ್ಚದಿರಲೆಂದು ಹಾರೈಸುತ್ತ,

ಬಿದ್ದವರ ಕಡೆಯವಳಾಗಿಯೂ ತಮ್ಮ ವಿಶ್ವಾಸಿ,
ಅಕ್ಷತಾ, ಬಳ್ಳಾರಿ

ತಾ.ಕ.: ಮೇಲಿನ ಬೇಡಿಕೆಗಳಿಗೆ ತಾವು ಉತ್ತರಿಸುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಅಪ್ಪನ ಮೊಪೆಡ್ಡನ್ನು ನಾನು ಇದುವರೆಗೆ ಮನೆಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಮನೆಗೆ ಮಾತ್ರ ಓಡಿಸಿದ್ದೇನೆ, ಅದೂ ಎದುರಿಗೆ ಲಾರಿ ಬಂದರೆ ಇಳಿದು ನಿಂತು. ಲೈಸೆನ್ಸ್ ಇದೆ, ಧೈರ್ಯ ಇರಲಿಲ್ಲ. ಸೋಮವಾರ ಬೆಳಿಗ್ಗೆ ಕುರುಗೋಡಿಗೆ ಹೋಗುತ್ತೇನೆ. ಕೂಸು ಶಿವಬಸಮ್ಮನವರ ತೊಡೆಯ ಮೇಲೆ ಇರಲಿ. ಅಕ್ಕ ನನ್ನ ಚೂಡಿದಾರ ಹಾಕಿಕೊಂಡು, ಗಾಡಿಯ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಬಲಗೈಯಿಂದ ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಾಳೆ. ಪಡಸಾಲೆಯಲ್ಲಿ ಕೂತವರು ಅಂಗಳಕ್ಕೆ ಬಂದು ನೋಡುತ್ತಾರೆ, ನೋಡಲಿ. ನಾವು ಬಹಳ ನಿಧಾನವಾಗಿ ಬರುತ್ತೇವೆ, ತಾವು ಎದ್ದು ನಿಲ್ಲಬೇಕಾಗಿಲ್ಲ. ವಾರಕ್ಕೆ ಮೂರು ಸಲ, ಆರು ವಾರ. ಅಕ್ಕನಿಗೆ ಇನ್ನೂ ಹೇಳಿಲ್ಲ. ಚೂಡಿದಾರದ ಸೊಂಟದ ಹೊಲಿಗೆಯನ್ನು ಎರಡು ಬೆರಳು ಬಿಚ್ಚಿ ಸಡಿಲ ಮಾಡಿ, ಇಸ್ತ್ರಿ ಹಾಕಿ ಇಟ್ಟಿದ್ದೇನೆ.